ಭಿತ್ತಿಪತ್ರದ ವರ್ಣವಿಚಾರ

೧. ಪ್ರಸ್ತಾವನೆ

ಗ್ರಂಥಸಂಪಾದನೆ, ಶಾಸನ, ಛಂದಸ್ಸು, ಅಲಂಕಾರ ಮುಂತಾದ ವಿಷಯಗಳ ಚರ್ಚೆ ನಡೆಯುವ ಈ ಪತ್ರಿಕೆಯಲ್ಲಿ ಗೋಡೆಗೆ ಹಚ್ಚುವ ಸಿನಿಮಾ ಪೋಸ್ಟರನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಉಚಿತವೇ ಎಂದು ವಾಚಕರು ಕೇಳಬಹುದು. ಅದರ ಔಚಿತ್ಯವನ್ನು ಮುಂದೆ ಸಮರ್ಥಿಸುವೆನು. ಈ ವಿಚಾರವು ನನಗೆ ಒದಗಿದ ಬಗೆಯನ್ನು ಮೊದಲು ಹೇಳುವುದು ಅವಶ್ಯ. ಏಕೆಂದರೆ ಇಲ್ಲಿಯ ಸಿದ್ಧಾಂತವು ನಾನು ಓದಿದ ಶಾಸ್ತ್ರದಿಂದ ನೇರವಾಗಿ ಬಂದುದಲ್ಲ. ಶಾಸ್ತ್ರವನ್ನು ತಪ್ಪಾಗಿ ಪ್ರಯೋಗಿಸಿ, ಅನ್ಯರಿಂದ ತಿದ್ದಿಸಿಕೊಂಡ ಮೇಲೆ ಬಂದುದು.

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹಾದಿಯಲ್ಲಿ, ಈಗ ಕಮಲಾಪುರ ತಾಲೂಕಿಗೆ ಸೇರಿದ ಮಹಾಗಾಂವದಲ್ಲಿ, ಕೆಲವು ತರುಣರು ‘ಚೋಮನ ದುಡಿ’ ಚಲಚ್ಚಿತ್ರವನ್ನು ಊರವರಿಗೆ ತೋರಿಸಬೇಕೆಂದು ಹವಣಿಸಿದರು. ಶಿವರಾಮ ಕಾರಂತರು ಆ ಕಾದಂಬರಿಯನ್ನು ಪ್ರಕಟಿಸಿದುದು ೧೯೩೩ರಲ್ಲಿ, ಬಿ. ವಿ. ಕಾರಂತರು ಅದನ್ನು ಚಲಚ್ಚಿತ್ರವಾಗಿಸಿದುದು ೧೯೭೫ರಲ್ಲಿ. ಅದಕ್ಕೆ ರಾಷ್ಟ್ರದ ಸ್ವರ್ಣಕಮಲವೂ, ಚೋಮನ ಪಾತ್ರವನ್ನು ವಹಿಸಿದ ಎಂ. ವಿ. ವಾಸುದೇವರಾಯರಿಗೆ ಶ್ರೇಷ್ಠನಟ ಪ್ರಶಸ್ತಿಯೂ ದೊರೆತುದು ಸುವಿದಿತವೇ ಆಗಿದೆ. ತರುಣರು ಹಳೆಯ ಪೋಸ್ಟರನ್ನು ಅನುಕರಿಸದೆ ತಾವೇ ಒಂದನ್ನು ಬರೆದು ಕ್ರಾಸಿನ ಗೋಡೆಗೆ ಹಚ್ಚಬೇಕೆಂದು ಎರಡು ಕರಡುಗಳನ್ನು ಸಿದ್ಧಪಡಿಸಿ, ಆಯ್ದುಕೊಡಿರೆಂದು ನನ್ನಲ್ಲಿಗೆ ತಂದರು.

ಮೊದಲ ಕರಡಿನಲ್ಲಿ ಕೃಶನಾಗಿ ಬಾಗಿದ, ಕಡುಗಪ್ಪು ಬಣ್ಣದ ಚೋಮನು ಎರಡೂ ಕೈಗಳನ್ನು ಚಾಚಿ ಮೇಲೆ ನೋಡುತ್ತಿದ್ದನು, ಕಣ್ಣಲ್ಲಿ ನೀರು, ಹಿಂದೆ ಒಡೆಯನ ನೆರಳು. ಎರಡನೆಯದರಲ್ಲಿ ಮನುಷ್ಯರೇ ಇರಲಿಲ್ಲ. ಗುಡಿಸಲಿನ ಕಂಬಕ್ಕೆ ತೂಗುಹಾಕಿದ ದುಡಿ, ಅಂಗಳದಲ್ಲಿ ಎರಡು ಎತ್ತು, ಇಷ್ಟೇ. ನಾನು ಮೊದಲನೆಯದನ್ನು ಆಯ್ದೆನು. ಕರುಣರಸಕ್ಕೆ ಆಲಂಬನವಾದ ವ್ಯಕ್ತಿ ಅಲ್ಲಿರುವನು, ಅಶ್ರುವೆಂಬ ಸಾತ್ತ್ವಿಕಭಾವವಿರುವುದು, ದೈನ್ಯವೆಂಬ ವ್ಯಭಿಚಾರಿಯಿರುವುದು. ಎರಡನೆಯದರಲ್ಲಾದರೋ ಅಚೇತನವಸ್ತು ಮತ್ತು ಪಶುಗಳ ಹೊರತು ಏನೂ ಇಲ್ಲ ಎಂದು ಕಾರಣವನ್ನೂ ಕೊಟ್ಟೆನು.

ತರುಣರ ಜತೆಗೆ ಅವರ ಕೇರಿಯ ಹಿರಿಯರೊಬ್ಬರು ಬಂದಿದ್ದರು. ವಯಸ್ಸು ಎಪ್ಪತ್ತನ್ನು ದಾಟಿದುದು, ಬಾಲ್ಯದಲ್ಲಿ ಜೀತವಿದ್ದವರು. ಜೀತಪದ್ಧತಿಯನ್ನು ರದ್ದುಪಡಿಸಿದ ಕಾನೂನು ೧೯೭೬ರದು. ಅದು ಜಾರಿಗೆ ಬಂದುದು ೧೯೭೫ರ ಅಕ್ಟೋಬರ್ ೨೫ರಿಂದ, ಎಂದರೆ ಈ ಚಲಚ್ಚಿತ್ರದ ವರ್ಷವೇ. ಅವರು ಮೊದಲ ಕರಡನ್ನು ಬಹಳ ಹೊತ್ತು ನೋಡಿ, “ಪಂಡಿತರ, ಇದನ್ನ ನೋಡಿ ಯಾರು ಅಳಬೇಕ್ರಿ? ನಾವಾ, ನೀವಾ?” ಎಂದು ಕೇಳಿದರು.

ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಗೆ ಉತ್ತರವನ್ನು ಅರಸುವುದೇ ಈ ಲೇಖನದ ಉದ್ದೇಶ.

೨. ಪೂರ್ವಪಕ್ಷ ಮತ್ತು ಸಮಾಧಾನ

“ಭಿತ್ತಿಪತ್ರವು ಹಣಕ್ಕಾಗಿ ಮಾಡಿದ ಜಾಹೀರಾತು, ಅದಕ್ಕೆ ಕಾವ್ಯಶಾಸ್ತ್ರವನ್ನು ಹಚ್ಚುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವಲ್ಲವೇ?” ಎಂಬುದು ಪೂರ್ವಪಕ್ಷ. ಇದಕ್ಕೆ ಸಮಾಧಾನವು ನಾಟ್ಯಶಾಸ್ತ್ರದಲ್ಲಿಯೇ ಇರುವುದು. ಭಾರತೀವೃತ್ತಿಯ ನಾಲ್ಕು ಅಂಗಗಳಲ್ಲಿ ಪ್ರರೋಚನೆಯೆಂಬುದು ಒಂದು. ಮುಂದೆ ಆಡಲಿರುವ ಕಾವ್ಯವನ್ನು ಪ್ರಶಂಸಿಸಿ ಪ್ರೇಕ್ಷಕರನ್ನು ಅದರ ಕಡೆಗೆ ತಿರುಗಿಸುವುದು ಅದರ ಕೆಲಸ. ಹರ್ಷನಾಗಲಿ ಭವಭೂತಿಯಾಗಲಿ ಪ್ರಸ್ತಾವನೆಯಲ್ಲಿ ಕವಿಯ ಹೆಸರನ್ನೂ ಕೃತಿಯ ಗುಣವನ್ನೂ ಹೇಳಿಸುವುದು ಇದಕ್ಕಾಗಿಯೇ. ಆದುದರಿಂದ ಭಿತ್ತಿಪತ್ರವು ಗೋಡೆಯನ್ನೇರಿದ ಪ್ರರೋಚನೆ. ಕೃತಿಯ ಅಂಗವಾದುದು ಕೃತಿಯ ನ್ಯಾಯಕ್ಕೆ ಒಳಪಡಲೇಬೇಕು.

ಭೇದವೊಂದುಂಟು. ಸೂತ್ರಧಾರನ ಪ್ರರೋಚನೆಯನ್ನು ಕೇಳುವವರು ಆಗಲೇ ರಂಗಮಂದಿರದ ಒಳಗೆ ಬಂದು ಕುಳಿತವರು. ಭಿತ್ತಿಪತ್ರವನ್ನು ನೋಡುವವರಾದರೋ ಇನ್ನೂ ಒಳಗೆ ಬಾರದವರು. ಎಂದೆಂದಿಗೂ ಬಾರದವರೂ ಅವರಲ್ಲಿ ಸೇರಿರುವರು. ಬಸ್ಸಿಗಾಗಿ ನಿಂತ ಕೂಲಿಯಾಳು, ತೊಗರಿಯ ಚೀಲಗಳನ್ನು ಬಜಾರಕ್ಕೆ ಒಯ್ಯುವ ರೈತ, ಶಾಲೆಗೆ ಹೋಗುವ ಹುಡುಗಿ, ಎಲ್ಲರೂ ಅದರ ಪ್ರೇಕ್ಷಕರೇ. ವೇದವನ್ನು ಕೇಳಲು ಅಧಿಕಾರವಿಲ್ಲವೆನಿಸಿದವರಿಗೂ ಸಲ್ಲಲೆಂದು ಬ್ರಹ್ಮನು ಐದನೆಯದಾದ, ಸರ್ವವರ್ಣಗಳಿಗೂ ಸೇರಿದ ವೇದವನ್ನು ಸೃಷ್ಟಿಸಿದನೆಂದು ಭರತನು ಮೊದಲ ಅಧ್ಯಾಯದಲ್ಲಿ ಹೇಳುವನು. ಆ ಮಾತು ರಂಗಮಂದಿರಕ್ಕಿಂತಲೂ ಕ್ರಾಸಿನ ಗೋಡೆಗೆ ಹೆಚ್ಚಾಗಿ ಅನ್ವಯಿಸುವುದು. ರಂಗಮಂದಿರಕ್ಕೆ ಬಾಗಿಲುಂಟು, ಟಿಕೆಟ್ಟುಂಟು. ಗೋಡೆಗೆ ಇವೆರಡೂ ಇಲ್ಲ.

ಇಂಥ ಪ್ರೇಕ್ಷಕರಲ್ಲಿ ಸಹೃದಯತ್ವವೆಲ್ಲಿಯದು ಎಂದು ಶಂಕಿಸುವವರು ನಮ್ಮ ಜಿಲ್ಲೆಯ ಮಳಖೇಡವನ್ನು ನೆನೆಯಬೇಕು. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಕ್ರಿ. ಶ. ೮೫೦ರ ಸುಮಾರಿಗೆ, ಶ್ರೀವಿಜಯನಿಂದ ರಚಿತವಾದ ಕವಿರಾಜಮಾರ್ಗವು ಓದು ಬಾರದ ಕನ್ನಡಿಗರಲ್ಲಿಯೂ ಕಾವ್ಯದ ಮರ್ಮವನ್ನರಿತ ಬುದ್ಧಿಯುಂಟೆಂದು ಹೆಮ್ಮೆಯಿಂದ ಸಾರಿತು. ಅಂದು ಅದು ಪ್ರಶಂಸೆಯಾಗಿರಬಹುದು; ಇಂದು ಭಿತ್ತಿಪತ್ರವನ್ನು ಬರೆಯುವವನಿಗೆ ಅದು ಎಚ್ಚರಿಕೆ.

ವಿಷ್ಣುಧರ್ಮೋತ್ತರಪುರಾಣದ ಚಿತ್ರಸೂತ್ರವು ಚಿತ್ರದಲ್ಲಿ ಆಚಾರ್ಯರು ರೇಖೆಯನ್ನೂ, ವಿಚಕ್ಷಣರು ನೆರಳುಬೆಳಕನ್ನೂ, ಸ್ತ್ರೀಯರು ಆಭರಣವನ್ನೂ, ಇತರರು ವರ್ಣದ ಸಮೃದ್ಧಿಯನ್ನೂ ಮೆಚ್ಚುವರೆಂದು ಹೇಳುವುದು. ಭಿತ್ತಿಪತ್ರವು ಆ ‘ಇತರ’ರ ಕಲೆ, ಅದರ ಜೀವಾಳವು ವರ್ಣ. ಸಂಸ್ಕೃತದಲ್ಲಿ ವರ್ಣಶಬ್ದಕ್ಕೆ ಬಣ್ಣವೆಂದೂ, ಅಕ್ಷರವೆಂದೂ, ಬ್ರಾಹ್ಮಣಾದಿ ಜಾತಿಯೆಂದೂ ಮೂರು ಅರ್ಥಗಳುಂಟು. ಬಣ್ಣ ಮತ್ತು ಅಕ್ಷರ ಎಂಬ ಎರಡು ವರ್ಣಗಳಿಂದ ಮೂರನೆಯ ವರ್ಣದ ಅನ್ಯಾಯವನ್ನು ಹೇಳಬೇಕಾದುದೇ ಇಲ್ಲಿಯ ಸಮಸ್ಯೆ.

೩. ಬಣ್ಣವೆಂಬ ವರ್ಣ

ಭರತನು ಬಣ್ಣವನ್ನು ಎರಡು ಸ್ಥಳಗಳಲ್ಲಿ ವಿಧಿಸಿರುವನು. ಆರನೆಯ ಅಧ್ಯಾಯದಲ್ಲಿ ರಸಗಳಿಗೆ ಬಣ್ಣವನ್ನು ಹಂಚುವನು: ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳುಪು, ಕರುಣಕ್ಕೆ ಪಾರಿವಾಳದ ಬೂದುಬಣ್ಣ, ರೌದ್ರಕ್ಕೆ ಕೆಂಪು, ವೀರಕ್ಕೆ ಗೌರ, ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ, ಅದ್ಭುತಕ್ಕೆ ಹಳದಿ. ಆಹಾರ್ಯಾಭಿನಯದ ಅಧ್ಯಾಯದಲ್ಲಿ ಪಾತ್ರಗಳ ಮೈಬಣ್ಣವನ್ನು ವಿಧಿಸುವನು: ಬ್ರಾಹ್ಮಣ ಕ್ಷತ್ರಿಯರಿಗೆ ಗೌರ, ವೈಶ್ಯ ಶೂದ್ರರಿಗೆ ಶ್ಯಾಮ, ಕಿರಾತ, ಬರ್ಬರ, ಆಂಧ್ರ, ದ್ರಮಿಲ, ಪುಲಿಂದರಿಗೂ ದಾಕ್ಷಿಣಾತ್ಯರಿಗೂ ಪ್ರಾಯಶಃ ಕಪ್ಪು.

ಪಾಠಶಾಲೆಯಲ್ಲಿ ಈ ಎರಡನೆಯ ಭಾಗವನ್ನು ನಾವು ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಿದೆವು. ದಾಕ್ಷಿಣಾತ್ಯರಾದ ನಮ್ಮನ್ನೇ ಅದು ಕಪ್ಪಿನ ಪಾಲಿಗೆ ಹಾಕಿದೆಯೆಂಬುದನ್ನು ಕೂಡ ಯಾರೂ ಗಮನಿಸಲಿಲ್ಲ. ರಸದ ಬಣ್ಣವು ಭಾವಕ್ಕೆ ಸೇರಿದುದು, ಯಾರ ಮುಖದ ಮೇಲೂ ನಿಲ್ಲದು. ಮೈಬಣ್ಣದ ವಿಧಿಯಾದರೋ ಜನ್ಮವನ್ನು ಚರ್ಮದ ಮೇಲೆ ಬರೆಯುವುದು. ನಾಟ್ಯವು ಸರ್ವವರ್ಣಗಳದೆಂದು ಸಾರಿದ ಶಾಸ್ತ್ರವೇ ವರ್ಣಕ್ಕೊಂದು ಲೇಪವನ್ನು ವಿಧಿಸಿದುದು ಪರಸ್ಪರವಿರುದ್ಧವೆಂದು ಒಪ್ಪಿಕೊಳ್ಳುವುದೇ ಲೇಸು. ಆ ತರುಣರು ಭರತನನ್ನು ಓದಿದವರಲ್ಲ; ಆದರೂ ಚೋಮನಿಗೆ ಕಡುಗಪ್ಪನ್ನು ಬಳಿದು ಅವನ ವಿಧಿಯನ್ನೇ ಪಾಲಿಸಿದ್ದರು. ಅದನ್ನು ಆಯ್ದ ನಾನು ಓದಿಯೂ ಕಾಣದವನಾದೆನು.

ಇಲ್ಲಿ ಅಮೆರಿಕೆಯ ಜನಾಂಗಭೇದಕ್ಕೂ ನಮ್ಮ ಜಾತಿಭೇದಕ್ಕೂ ಇರುವ ಅಂತರವನ್ನು ವಿವೇಚಿಸಬೇಕು. ಡಾ. ಅಂಬೇಡ್ಕರರು ೧೯೪೬ರಲ್ಲಿ ಅಮೆರಿಕೆಯ ಕಪ್ಪುಜನರ ವಿದ್ವಾಂಸ ಡು ಬೋಯಿಸರಿಗೆ ಪತ್ರ ಬರೆದು ಇಬ್ಬರ ಸ್ಥಿತಿಯಲ್ಲಿರುವ ಸಾದೃಶ್ಯವನ್ನು ಎತ್ತಿ ತೋರಿಸಿದರು. ಅವರೇ ೧೯೪೮ರಲ್ಲಿ ಅಸ್ಪೃಶ್ಯತೆಯ ಮೂಲವನ್ನು ಕುರಿತ ಗ್ರಂಥದಲ್ಲಿ, ಅಸ್ಪೃಶ್ಯರು ಬೇರೊಂದು ಜನಾಂಗವೆಂಬ ವಾದವನ್ನು ನಿರಾಕರಿಸಿದರು. ಅನ್ಯಾಯದಲ್ಲಿ ಸಾಮ್ಯವುಂಟು, ಚಿಹ್ನೆಯಲ್ಲಿ ಸಾಮ್ಯವಿಲ್ಲ ಎಂಬುದು ಇದರಿಂದ ಚಿತ್ರಕಾರನು ಗ್ರಹಿಸಬೇಕಾದ ತಾತ್ಪರ್ಯ. ಅಲ್ಲಿ ಚರ್ಮವೇ ಚಿಹ್ನೆ. ಇಲ್ಲಿಯಾದರೋ ಚೋಮನನ್ನೂ ಒಡೆಯ ಸಂಕಪ್ಪಯ್ಯನನ್ನೂ ಒಂದೇ ಬಿಸಿಲಿನಲ್ಲಿ ನಿಲ್ಲಿಸಿದರೆ ಮೈಬಣ್ಣದಿಂದ ಜಾತಿಯನ್ನು ಹೇಳಲು ಬಾರದು. ಚೋಮನನ್ನು ಕಪ್ಪಾಗಿಸಿ ಒಡೆಯನನ್ನು ಬೆಳ್ಳಗಾಗಿಸುವ ಚಿತ್ರವು ಅನ್ಯಾಯವನ್ನು ವಿರೋಧಿಸುವಂತೆ ತೋರಿದರೂ, ಭೇದವು ಹುಟ್ಟಿನಲ್ಲಿಯೇ ಇದೆಯೆಂಬ ಅನ್ಯಾಯದ ಮೂಲವಾದವನ್ನೇ ಅನುವಾದ ಮಾಡಿದಂತಾಗುವುದು.

ಹಾಗಾದರೆ ಜಾತಿಯ ಅನ್ಯಾಯಕ್ಕೆ ದೃಶ್ಯವಾದ ಚಿಹ್ನೆ ಯಾವುದು? ಸ್ಥಾನ ಮತ್ತು ಅಂತರ. ಯಾರು ಜಗಲಿಯ ಮೇಲೆ, ಯಾರು ಅಂಗಳದಲ್ಲಿ. ಯಾರು ಹೊಸಿಲ ಒಳಗೆ, ಯಾರು ಹೊರಗೆ. ನೀರನ್ನು ಎಷ್ಟು ಎತ್ತರದಿಂದ ಹೊಯ್ಯಲಾಗುವುದು. ಚೋಮನ ಕಥೆಯಲ್ಲಿ ಅವನ ಕಿರಿಯ ಮಗನು ನೀರಿನಲ್ಲಿ ಮುಳುಗುವಾಗ ದಡದ ಮೇಲಿನವರು ಮೈಲಿಗೆಗೆ ಅಂಜಿ ನಿಲ್ಲುವರು. ಅಲ್ಲಿ ಕೊಲ್ಲುವುದು ನೀರಲ್ಲ, ದಡಕ್ಕೂ ನೀರಿಗೂ ನಡುವಣ ನಾಲ್ಕು ಮೊಳದ ಅಂತರ. ಉಡುಪಿಯ ಕನಕನ ಕಿಂಡಿಯೂ ಇಂಥದೇ. ಕನಕದಾಸರ ಮೈಬಣ್ಣವನ್ನು ಯಾರೂ ಕೇಳುವುದಿಲ್ಲ, ನಡುವೆ ಗೋಡೆಯಿತ್ತೆಂಬುದೇ ಸಾಕು. ನಮ್ಮ ಸೀಮೆಗೆ ಸಮೀಪದ ಕಲ್ಯಾಣದಲ್ಲಿ ಹರಳಯ್ಯನು ತನ್ನ ತೊಡೆಯ ಚರ್ಮದಿಂದ ಪಾದುಕೆಗಳನ್ನು ಹೊಲಿದು ಬಸವಣ್ಣನವರಿಗೆ ಕೊಟ್ಟನೆಂಬ ಐತಿಹ್ಯವುಂಟು. ಕಾಲಿಗೆ ಸಲ್ಲುವ ಪಾದುಕೆಯನ್ನು ಬಸವಣ್ಣನವರು ತಲೆಯ ಮೇಲಿಟ್ಟುಕೊಂಡರೆಂಬಲ್ಲಿ ಆ ಐತಿಹ್ಯದ ಸಮಸ್ತಾರ್ಥವೂ ಸ್ಥಾನವ್ಯತ್ಯಯದಿಂದಲೇ ಧ್ವನಿತವಾಗುವುದು.

ಬಣ್ಣವೂ ಸ್ಥಾನವೂ ಒಟ್ಟಿಗೆ ಬೇಕಾಗುವ ಪ್ರಸಂಗವೂ ಕರ್ನಾಟಕದಲ್ಲಿ ಇಲ್ಲದಿಲ್ಲ. ಬಹಮನಿ ಸುಲ್ತಾನರು ೧೩೪೭ರಲ್ಲಿ ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡಂದಿನಿಂದ ಆಫ್ರಿಕದ ಹಬಶಿಗಳು ದಖ್ಖನದ ಚರಿತ್ರೆಯಲ್ಲಿ ಗುಲಾಮರಾಗಿಯೂ ಅಮೀರರಾಗಿಯೂ ಕಾಣಿಸಿಕೊಂಡರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಡೆಯ ಸಿದ್ದಿಗಳು ಆಫ್ರಿಕ ಮೂಲದವರೇ. ೨೦೦೩ರಲ್ಲಿ ಅವರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಅವರ ಬದುಕನ್ನು ಕುರಿತ ಚಿತ್ರಕ್ಕೆ ಪೋಸ್ಟರನ್ನು ಬರೆಯುವವನು ಚರ್ಮದ ಬಣ್ಣವನ್ನು ಮರೆಮಾಚಲೂಬಾರದು, ಅದನ್ನೇ ಸರ್ವಸ್ವವಾಗಿಸಲೂಬಾರದು. ಕೊಂಕಣಿಯೊಡನೆ ಕನ್ನಡವನ್ನೂ ಆಡುವ ಅವರನ್ನು ಪರದೇಶದವರೆಂದು ತೋರಿಸುವ ಚಿತ್ರವು ಎರಡನೆಯ ಅನ್ಯಾಯವಾಗುವುದು.

೪. ಅಕ್ಷರವೆಂಬ ವರ್ಣ

ಪೋಸ್ಟರಿನಲ್ಲಿ ಅಕ್ಷರವು ಚಿತ್ರದ ಅಡಿಟಿಪ್ಪಣಿಯಲ್ಲ, ಅದರ ಅವಯವ. ‘ಚೋಮನ ದುಡಿ’ ಎಂಬ ಎರಡು ಪದಗಳನ್ನೇ ಪರಿಶೀಲಿಸೋಣ. ‘ಚೋಮನ’ ಎಂಬುದು ಷಷ್ಠೀ ವಿಭಕ್ತಿ. ಇಲ್ಲಿ ಷಷ್ಠಿಗೆ ಸ್ವಸ್ವಾಮಿಭಾವವೆಂಬ ಸಂಬಂಧಾರ್ಥ; ದುಡಿಯು ಸ್ವ, ಚೋಮನು ಸ್ವಾಮಿ. ಕಥೆಯುದ್ದಕ್ಕೂ ಚೋಮನು ಹಂಬಲಿಸುವುದು ಇನ್ನೊಂದು ಷಷ್ಠಿಗಾಗಿ, ಚೋಮನ ಹೊಲವೆಂಬ ಸಮಾಸಕ್ಕಾಗಿ. ಎತ್ತುಗಳಿದ್ದರೂ ಉಳಲು ಭೂಮಿಯಿಲ್ಲ. ಅವನ ಜಾತಿಯವನು ಬೇಸಾಯ ಮಾಡಬಾರದೆಂಬುದು ಊರಿನ ಕಟ್ಟು. ಚಲಚ್ಚಿತ್ರವು ಬರುವುದಕ್ಕೆ ಹಿಂದಿನ ವರ್ಷ, ೧೯೭೪ರಲ್ಲಿ, ಉಳುವವನಿಗೆ ಭೂಮಿಯೆಂಬ ತಿದ್ದುಪಡಿಯು ಕರ್ನಾಟಕದಲ್ಲಿ ಜಾರಿಗೆ ಬಂದಿತು. ಆ ಕಾನೂನಿನ ಮುಂದೆಯೂ ಚೋಮನಂಥವನಿಗೆ ಸ್ಥಾನ ಕಷ್ಟವೇ. ಏಕೆಂದರೆ ಅವನು ಗೇಣಿದಾರನೂ ಅಲ್ಲ, ಉಳುವುದನ್ನೇ ನಿಷೇಧಿಸಲ್ಪಟ್ಟವನು. ಮಕ್ಕಳ ಮೈಯೂ ಸಾಲಕ್ಕಾಗಿ ಕಾಫಿಯ ತೋಟದ ಪಾಲಾಗುವುದು. ಕೊನೆಗೆ ಷಷ್ಠಿಗೆ ವಿಶೇಷ್ಯವಾಗಿ ಉಳಿಯುವುದು ದುಡಿಯೊಂದೇ.

ಇನ್ನು ‘ದುಡಿ’ ಶಬ್ದವು. ಅದು ವಾದ್ಯದ ಹೆಸರು. ಅದೇ ರೂಪವು ಕನ್ನಡದಲ್ಲಿ ಶ್ರಮಪಡು ಎಂಬರ್ಥದ ಧಾತು. ಕಾರಂತರು ಶ್ಲೇಷವನ್ನು ಉದ್ದೇಶಿಸಿದರೋ ಇಲ್ಲವೋ, ಓದುಗನ ಕಿವಿಗೆ ಅದು ಕೇಳಿಸದೆ ಇರದು. ದುಡಿಯುವ ಕೈಯೇ ದುಡಿಯನ್ನು ಬಡಿಯುವುದು. ಹಗಲಿನ ದುಡಿತವು ಒಡೆಯನದು, ಇರುಳಿನ ದುಡಿಯು ತನ್ನದು. ಮೊದಲ ಕರಡಿನಲ್ಲಿ ಈ ಅಕ್ಷರಗಳು ಚಿತ್ರದ ಕೆಳಗೆ ಅಲಂಕಾರದ ಲಿಪಿಯಲ್ಲಿ ಮಿರುಗುತ್ತಿದ್ದವು. ದುಡಿಯೆಂಬ ಪದವಿದ್ದರೂ ಚೋಮನ ಕೈಯಲ್ಲಿ ದುಡಿಯಿರಲಿಲ್ಲ. ಷಷ್ಠಿಯು ಕೊಟ್ಟ ಒಂದೇ ಸ್ವತ್ತನ್ನೂ ಚಿತ್ರಕಾರನು ಕಿತ್ತುಕೊಂಡಂತಾಗಿತ್ತು.

ಅಕ್ಷರವೊಂದೇ ಸಮಸ್ತವನ್ನೂ ಹೊರಬಲ್ಲುದೆಂಬುದಕ್ಕೆ ಸ್ಪೈಕ್ ಲೀ ನಿರ್ದೇಶಿಸಿದ ‘ಮಾಲ್ಕಮ್ ಎಕ್ಸ್’ (೧೯೯೨) ಚಿತ್ರದ ಪ್ರಚಾರವು ನಿದರ್ಶನ. ಅದರಲ್ಲಿ ಕರಿಯ ನೆಲದ ಮೇಲೆ ಎಕ್ಸ್ ಎಂಬ ಒಂದೇ ಅಕ್ಷರವನ್ನು ದೊಡ್ಡದಾಗಿ ನಿಲ್ಲಿಸಲಾಯಿತು. ಗುಲಾಮಗಿರಿಯಲ್ಲಿ ಪೂರ್ವಿಕರ ಹೆಸರು ಅಳಿದುಹೋಗಿ, ಒಡೆಯನ ಹೆಸರೇ ವಂಶದ ಹೆಸರಾಯಿತು. ಅದನ್ನು ತೊರೆದು, ತಿಳಿಯದ ಹೆಸರಿನ ಸ್ಥಾನದಲ್ಲಿ ಮಾಲ್ಕಮನು ಆ ಅಕ್ಷರವನ್ನಿಟ್ಟನು. ಅಲ್ಲಿಯೂ ವಿಷಯವು ಷಷ್ಠಿಯದೇ: ಇವನು ಯಾರವನು?

ಹೆಸರುಗಳ ಕ್ರಮದಲ್ಲಿಯೂ ನ್ಯಾಯಾನ್ಯಾಯಗಳುಂಟು. ‘ದಿ ಡಿಫೈಯಂಟ್ ಒನ್ಸ್’ (೧೯೫೮) ಎಂಬುದು ಒಂದೇ ಸರಪಳಿಯಲ್ಲಿ ಬಂಧಿತರಾಗಿ ಓಡಿಹೋಗುವ ಕರಿಯ ಬಿಳಿಯ ಕೈದಿಗಳಿಬ್ಬರ ಕಥೆ. ಚಿತ್ರದ ಹೆಸರಿಗಿಂತ ಮೇಲೆ ತನ್ನ ಹೆಸರಿನೊಂದಿಗೆ ಸಿಡ್ನಿ ಪಾಯ್ಟಿಯೆಯ ಹೆಸರೂ ಇರಬೇಕೆಂದು ಟೋನಿ ಕರ್ಟಿಸನು ಕೇಳಿಕೊಂಡುದು ಪ್ರಸಿದ್ಧವಾಗಿದೆ. ಸರಪಳಿಯಿಂದ ಸಾರಿದ ಸಮತ್ವವನ್ನು ಅಕ್ಷರದ ಸಾಲು ಅಲ್ಲಗಳೆದಿದ್ದರೆ ಆ ಚಿತ್ರವು ತನ್ನ ಬಾಗಿಲಲ್ಲಿಯೇ ಸುಳ್ಳಾಡಿದಂತಾಗುತ್ತಿತ್ತು.

೫. ಅಂಗಾಂಗಿಭಾವ

ಅನೌಚಿತ್ಯವಲ್ಲದೆ ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂಬುದು ಆನಂದವರ್ಧನನ ಮತ. ಒಡ್ಯಾಣವನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟರೆ ನಗೆಗೀಡಾಗದವರಾರು ಎಂಬುದು ಕ್ಷೇಮೇಂದ್ರನ ದೃಷ್ಟಾಂತ. ಭಿತ್ತಿಪತ್ರದಲ್ಲಿ ಇದಕ್ಕೆ ಸ್ಪಷ್ಟವಾದ ಉದಾಹರಣೆಯು ೨೦೧೩ರಲ್ಲಿ ಇಟಲಿಯಲ್ಲಿ ದೊರೆಯಿತು.

‘ಟ್ವೆಲ್ವ್ ಇಯರ್ಸ್ ಎ ಸ್ಲೇವ್’ ಎಂಬ ಚಿತ್ರವು ಸ್ವತಂತ್ರನಾಗಿದ್ದು ಮೋಸದಿಂದ ಗುಲಾಮಗಿರಿಗೆ ಮಾರಲ್ಪಟ್ಟ ಸಾಲಮನ್ ನಾರ್ತಪ್ ಎಂಬವನು ೧೮೫೩ರಲ್ಲಿ ಪ್ರಕಟಿಸಿದ ಆತ್ಮಕಥೆಯನ್ನು ಆಧರಿಸಿದುದು. ಅಮೆರಿಕೆಯ ಪೋಸ್ಟರಿನಲ್ಲಿ ನಾಯಕನಾದ ಚಿವೆಟೆಲ್ ಎಜಿಯೊಫೋರನು ಓಡುತ್ತಿರುವ ಆಕೃತಿಯೇ ಪ್ರಧಾನ. ಇಟಲಿಯಲ್ಲಿ ಕೆಲವು ಪೋಸ್ಟರುಗಳಲ್ಲಿ, ಕಥೆಯ ಕೊನೆಯಲ್ಲಿ ಸ್ವಲ್ಪಕಾಲ ಬರುವ ಬ್ರಾಡ್ ಪಿಟ್ಟನ ಮುಖವನ್ನೂ, ಗುಲಾಮರನ್ನು ಪೀಡಿಸುವ ಒಡೆಯನ ಪಾತ್ರದ ಮೈಕೇಲ್ ಫ್ಯಾಸ್‌ಬೆಂಡರನ ಮುಖವನ್ನೂ ಬೃಹತ್ತಾಗಿ ಮುದ್ರಿಸಿ, ನಾಯಕನನ್ನು ಬದಿಯಲ್ಲಿ ಪುಟ್ಟ ಆಕೃತಿಯಾಗಿ ಉಳಿಸಿದರು. ಜನರಿಂದ ಆಕ್ಷೇಪಣೆ ಬಂದ ಮೇಲೆ ಅವುಗಳನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಅವನ ಹೆಸರನ್ನೂ ದೇಹವನ್ನೂ ಹನ್ನೆರಡು ವರ್ಷ ಕಸಿದುಕೊಂಡ ಅನ್ಯಾಯವನ್ನು ಕುರಿತ ಚಿತ್ರವು, ಅವನ ಸ್ಥಾನವನ್ನು ಗೋಡೆಯ ಮೇಲೆ ಮತ್ತೊಮ್ಮೆ ಕಸಿದುಕೊಂಡಿತು. ಅಂಗವು ಅಂಗಿಯಾಯಿತು, ಅಂಗಿಯು ಅಂಗವಾಯಿತು. ಪ್ರಸಿದ್ಧರ ಮುಖಕ್ಕೆ ಜನ ಬರುವರೆಂಬ ವ್ಯಾಪಾರಬುದ್ಧಿಯು ಇದಕ್ಕೆ ಕಾರಣವೆನ್ನಬಹುದು. ಆದರೆ ಯಾರ ಮುಖಕ್ಕೆ ಜನ ಬರುವುದಿಲ್ಲವೆಂಬ ಊಹೆಯಲ್ಲಿಯೇ ಅನ್ಯಾಯದ ಬೀಜವಿರುವುದು. ನಮ್ಮ ಮೊದಲ ಕರಡಿನಲ್ಲಿಯೂ ಒಡೆಯನ ನೆರಳು ಕಾಗದದ ಮುಕ್ಕಾಲು ಭಾಗವನ್ನು ಆವರಿಸಿತ್ತು. ಚಿತ್ರದ ಹೆಸರು ಚೋಮನ ದುಡಿ. ಚಿತ್ರಿತವಾದುದು ಸಂಕಪ್ಪಯ್ಯನ ನೆರಳು.

೬. ಆಲಂಬನವೂ ಆಶ್ರಯವೂ

ಈಗ ಆ ಹಿರಿಯರ ಪ್ರಶ್ನೆಗೆ ಬರುವೆನು: ಇದನ್ನು ನೋಡಿ ಯಾರು ಅಳಬೇಕು?

ರಸಸಾಮಗ್ರಿಯಲ್ಲಿ ಆಲಂಬನ, ಆಶ್ರಯ ಎಂಬ ಭೇದವುಂಟು. ಯಾವನನ್ನು ಕುರಿತು ಭಾವವು ಹುಟ್ಟುವುದೋ ಅವನು ಆಲಂಬನ. ಯಾವನಲ್ಲಿ ಹುಟ್ಟುವುದೋ ಅವನು ಆಶ್ರಯ. ಪ್ರೇಕ್ಷಕನು ಸಾಧಾರಣೀಕರಣದಿಂದ ತನ್ಮಯನಾಗುವುದು ಆಶ್ರಯದೊಡನೆ, ಆಲಂಬನದೊಡನೆ ಅಲ್ಲ. ಸೀತೆಯನ್ನು ಕಳೆದುಕೊಂಡ ರಾಮನ ಶೋಕದಲ್ಲಿ ನಾವು ರಾಮನೊಡನೆ ಅಳುವೆವು.

ಮೊದಲ ಕರಡಿನಲ್ಲಿ ಚೋಮನು ಆಲಂಬನ. ಶೋಕಕ್ಕೆ ಆಶ್ರಯನು ಯಾರು? ಚಿತ್ರದೊಳಗೆ ಯಾರೂ ಇಲ್ಲ. ಚೋಮನು ಕೈಚಾಚಿ ಮೇಲೆ ನೋಡುತ್ತಿರುವುದು ಗೋಡೆಯೆದುರು ನಿಂತವನನ್ನು. ಆದುದರಿಂದ ಆಶ್ರಯನು ನೋಡುವವನೇ; ಅವನು ಮೇಲೆ ನಿಂತವನು, ಕೊಡಬಲ್ಲವನು, ಮರುಗಬಲ್ಲವನು. ಇದನ್ನು ಕರುಣರಸವೆಂದು ನಾನು ಭ್ರಮಿಸಿದೆನು. ನಿಜದಲ್ಲಿ ಅದು ನೋಡುವವನನ್ನು ದಯಾವೀರನನ್ನಾಗಿ ಮಾಡಿ, ಅವನ ಒಳ್ಳೆಯತನವನ್ನು ಅವನಿಗೇ ತೋರಿಸಿ ಸಂತೋಷಪಡಿಸುವ ಚಿತ್ರ. ನನ್ನಂಥವನಿಗೆ ಅಲ್ಲಿ ಆಸನವುಂಟು. ಚೋಮನ ಕುಲದವರು ಅದೇ ಗೋಡೆಯೆದುರು ನಿಂತಾಗ ಅವರಿಗೆ ಆಸನವೆಲ್ಲಿ? ಅ ಚಿತ್ರದಲ್ಲಿ ಅವರಿಗಿರುವುದು ಕೆಳಗೆ ಕೈಚಾಚಿದವನ ಸ್ಥಾನವೊಂದೇ. ಹಾದುಹೋಗುವ ಪ್ರತಿದಿನವೂ ಆ ಸ್ಥಾನವನ್ನು ಅವರಿಗೆ ಜ್ಞಾಪಿಸಿಕೊಡುವ ಕಾಗದವನ್ನು ನಾವು ಅನ್ಯಾಯದ ವಿರೋಧವೆಂದು ಕರೆಯಲಿದ್ದೆವು. ‘ನಾವಾ, ನೀವಾ’ ಎಂಬ ಎರಡು ಮಾತುಗಳಲ್ಲಿ ಆ ಹಿರಿಯರು ಆಲಂಬನಾಶ್ರಯವಿವೇಕವನ್ನು ನನಗಿಂತ ಚೆನ್ನಾಗಿ ಮಾಡಿದ್ದರು.

ಕಾವ್ಯದ ಆದಿಯಲ್ಲಿಯೇ ಈ ವಿವೇಕಕ್ಕೆ ಪ್ರಮಾಣವುಂಟು. ಕ್ರೌಂಚವಧದಿಂದ ಹುಟ್ಟಿದ ಶೋಕವೇ ಶ್ಲೋಕವಾಯಿತೆಂದು ಆನಂದವರ್ಧನನು ಹೇಳಿದಲ್ಲಿ, ಆ ಶೋಕವು ಮುನಿಯ ಸ್ವಂತದ್ದಲ್ಲವೆಂದೂ ಸಂಗಾತಿಯನ್ನು ಕಳೆದುಕೊಂಡು ಉಳಿದ ಹಕ್ಕಿಯದೆಂದೂ ಅಭಿನವಗುಪ್ತನು ವಿವರಿಸುವನು. ವಾಲ್ಮೀಕಿಯು ಹಕ್ಕಿಯನ್ನು ನೋಡಿ ಮರುಗಿ ನಿಂತಿದ್ದರೆ ಕಾವ್ಯವಾಗುತ್ತಿರಲಿಲ್ಲ, ಅವನು ಹಕ್ಕಿಯಾದನು. ಅದೇ ದೃಶ್ಯದಲ್ಲಿ ಬಾಣವನ್ನು ಬಿಟ್ಟ ನಿಷಾದನ ಹಸಿವಿಗೆ ಆಶ್ರಯವಾಗಲು ಯಾರೂ ಮುಂದೆ ಬರಲಿಲ್ಲವೆಂಬುದನ್ನೂ ನಾವು ಮರೆಯಬಾರದು. ಬೇಡರ ಕುಲದವನೊಬ್ಬನು ಭಕ್ತಿಗೆ ಆಶ್ರಯನಾಗಿ ನಿಂತ ಕಥೆಯನ್ನು ‘ಬೇಡರ ಕಣ್ಣಪ್ಪ’ (೧೯೫೪) ಕನ್ನಡಿಗರ ಮನೆಮನೆಗೆ ಮುಟ್ಟಿಸಿತೆಂಬುದು ಆ ಋಣದಲ್ಲಿ ಸ್ವಲ್ಪವನ್ನು ತೀರಿಸಿದಂತೆ.

ಇಲ್ಲಿ ಒಂದು ಆಕ್ಷೇಪವುಂಟು: “ಪೀಡಿತನನ್ನು ಆಶ್ರಯನನ್ನಾಗಿ ಮಾಡಬೇಕಾದರೆ ಅವನ ಕೈಗೆ ಕತ್ತಿಯನ್ನು ಕೊಟ್ಟು ಕಣ್ಣನ್ನು ಕೆಂಪಾಗಿಸಬೇಕಾಗುವುದು, ಆಗ ಅದು ಎಲ್ಲ ಸಾಹಸಚಿತ್ರಗಳ ಪೋಸ್ಟರಿನಂತೆಯೇ ಆಗುವುದಲ್ಲವೇ?” ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ. ಗ್ರಿಫಿತ್ತನ ‘ದಿ ಬರ್ತ್ ಆಫ್ ಎ ನೇಷನ್’ (೧೯೧೫) ಚಿತ್ರದ ಪ್ರಸಿದ್ಧ ಪೋಸ್ಟರಿನಲ್ಲಿ ಮುಸುಕುಧಾರಿಯಾದ ಕ್ಲಾನ್ ಸವಾರನು ಉರಿಯುವ ಶಿಲುಬೆಯನ್ನೆತ್ತಿ, ಕುದುರೆಯ ಮೇಲೆ ವೀರನಂತೆ ನಿಂತಿರುವನು. ಕರಿಯರನ್ನು ಪೀಡಿಸಿದವರಿಗೇ ಅಲ್ಲಿ ಉತ್ಸಾಹದ ಆಶ್ರಯತ್ವವನ್ನು ಕೊಡಲಾಗಿದೆ. ಅನೌಚಿತ್ಯದಿಂದ ಪ್ರವೃತ್ತವಾದುದು ರಸವಲ್ಲ, ರಸಾಭಾಸ. ಅದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಕ್ಕದು. ಆದುದರಿಂದ ಉತ್ಸಾಹವಿದ್ದ ಮಾತ್ರಕ್ಕೆ ಪೋಸ್ಟರು ನ್ಯಾಯದ ಪಕ್ಷದ್ದಾಗದು.

ಆದರೆ ಆಶ್ರಯನಾಗಲು ಕತ್ತಿ ಬೇಕಿಲ್ಲ. ಚೋಮನಲ್ಲಿ ಇರುವುದು ಒಂದು ಹಂಬಲ, ಒಂದು ಛಲ, ಒಂದು ವಾದ್ಯ. ಕಥೆಯ ಕೊನೆಯಲ್ಲಿ ಅವನು ಬಾಗಿಲು ಮುಚ್ಚಿಕೊಂಡು, ಯಾರ ಕಡೆಗೂ ಕೈಚಾಚದೆ, ಪ್ರಾಣ ಹೋಗುವವರೆಗೆ ದುಡಿಯನ್ನು ಬಡಿಯುವನು. ಅದು ಭಿಕ್ಷೆಯೂ ಅಲ್ಲ, ಯುದ್ಧವೂ ಅಲ್ಲ. ಮೂಕವಾದ ಕಾಗದದ ಮೇಲೆ ಆ ನಾದವನ್ನು ತರುವುದೆಂತು? ಧ್ವನಿಯೆಂಬ ಶಬ್ದವನ್ನು ಆಲಂಕಾರಿಕರು ಏಕೆ ಆರಿಸಿಕೊಂಡರೆಂಬುದನ್ನು ನೆನೆದರೆ ಉತ್ತರ ದೊರೆಯುವುದು. ಗಂಟೆಯನ್ನು ಹೊಡೆದ ಮೇಲೆ ಉಳಿಯುವ ಅನುರಣನದಂತೆ, ವಾಚ್ಯವು ಮುಗಿದ ಮೇಲೆ ಕೇಳಿಸುವುದು ಧ್ವನಿ. ಬಡಿಯುವ ಕೈಯನ್ನು ಬರೆದರೆ ವಾಚ್ಯ. ಕೈ ಈಗತಾನೆ ಬಿಟ್ಟ ದುಡಿಯನ್ನು ಬರೆದರೆ ಅನುರಣನ.

೭. ಉಪಸಂಹಾರ

ತರುಣರು ಎರಡನೆಯ ಕರಡಿಗೆ ಹಿಂದಿರುಗಿದರು. ಆದರೆ ಅದನ್ನು ತಿರುಗಿಸಿ ಬರೆದರು. ಮೊದಲು ಗುಡಿಸಲನ್ನು ಹೊರಗಿನಿಂದ ನೋಡಿದ್ದರು. ಈಗ ಒಳಗಿನಿಂದ ನೋಡಿದರು. ನೋಡುವವನು ಗುಡಿಸಲಿನೊಳಗೆ ಕುಳಿತಿರುವನು. ಎದುರಿಗೆ, ಕೈಗೆ ಎಟಕುವಷ್ಟು ಸಮೀಪದಲ್ಲಿ, ದುಡಿ. ಅದರ ಚರ್ಮದ ನಡುವೆ ಬಡಿದು ಸವೆದ ಗುರುತು. ಗೋಡೆಗಳಿಗೆ ಪಾರಿವಾಳದ ಬೂದುಬಣ್ಣ. ತಗ್ಗಾದ ಬಾಗಿಲಿನಾಚೆ ಬೆಳಕು. ಬೆಳಕಿನಲ್ಲಿ ಎರಡು ಎತ್ತು, ಅವುಗಳಾಚೆ ಯಾರದೋ ಹೊಲ. ಹೊಸಿಲಿಗೂ ಹೊಲಕ್ಕೂ ನಡುವಣ ಅಂತರವೇ ಚಿತ್ರದ ಬಹುಭಾಗ. ‘ಚೋಮನ’ ಎಂಬ ಅಕ್ಷರಗಳು ದುಡಿಗೆ ತಾಗಿಕೊಂಡಿದ್ದವು. ಚೋಮನು ಚಿತ್ರದಲ್ಲಿ ಇರಲಿಲ್ಲ. ಅವನ ಸ್ಥಾನದಲ್ಲಿ ನೋಡುವವನಿದ್ದನು. ಈ ತಿರುವನ್ನು ನಾನು ಸೂಚಿಸಿದುದಲ್ಲ, ಅವರೇ ಕಂಡುಕೊಂಡುದು. ನನ್ನ ಪಾಲಿನದು ಅದಕ್ಕೆ ಸಾಧಾರಣೀಕರಣವೆಂಬ ಹೆಸರನ್ನು ಹೇಳಿದುದಷ್ಟೇ.

ಇಲ್ಲಿಯವರೆಗಿನ ವಿಚಾರವನ್ನು ಹೀಗೆ ಸಂಗ್ರಹಿಸಬಹುದು. ಬಣ್ಣವು ರಸವನ್ನು ಅನುಸರಿಸಬೇಕು, ಹುಟ್ಟನ್ನಲ್ಲ. ಜಾತಿಯ ಅನ್ಯಾಯವನ್ನು ಸ್ಥಾನದಿಂದಲೂ ಅಂತರದಿಂದಲೂ ಸೂಚಿಸಬೇಕು. ಅಕ್ಷರವು ಯಾರಿಗೆ ಯಾವುದನ್ನು ಕೊಟ್ಟಿದೆಯೋ ಅದನ್ನು ಚಿತ್ರವು ಕಸಿಯಬಾರದು. ಅಂಗಿಯು ಅಂಗಿಯಾಗಿಯೇ ಇರಬೇಕು. ಪೀಡಿತನು ಆಲಂಬನವಾಗಿ ಕೆಳಗೆ ಬೀಳದೆ ಆಶ್ರಯನಾಗಿ ನಿಲ್ಲಬೇಕು. ಇವೆಲ್ಲವೂ ಪೋಸ್ಟರಿಗೆ ಮಾತ್ರ ಸಲ್ಲುವ ನಿಯಮಗಳಲ್ಲ. ತರಗತಿಯಲ್ಲಿ ಚೋಮನ ದುಡಿಯನ್ನಾಗಲಿ ‘ಸಂಸ್ಕಾರ’ವನ್ನಾಗಲಿ ಪಾಠ ಹೇಳುವ ಅಧ್ಯಾಪಕನ ಮುಂದೆಯೂ ಎರಡು ಬಗೆಯ ವಿದ್ಯಾರ್ಥಿಗಳು ಒಂದೇ ಬೆಂಚಿನ ಮೇಲೆ ಕುಳಿತಿರುವರು. ‘ಪಾಪ, ಚೋಮ’ ಎಂದು ನಾವು ವ್ಯಾಖ್ಯಾನ ಮಾಡುವಾಗ ಅವರಲ್ಲಿ ಒಬ್ಬನು ಆಶ್ರಯನಾಗಿ ಮರುಗಿದರೆ, ಇನ್ನೊಬ್ಬನು ಆಲಂಬನವಾಗಿ ತಲೆತಗ್ಗಿಸುವನು. ನಾನು ಬಹುಕಾಲ ಹಾಗೆಯೇ ಪಾಠ ಹೇಳಿದೆನು.

ಪೋಸ್ಟರನ್ನು ಕ್ರಾಸಿನ ಗೋಡೆಗೆ ಮೈದಾ ಅಂಟಿನಿಂದ ಹಚ್ಚಿದ ದಿನ ಆ ಹಿರಿಯರು ಬಂದು ನೋಡಿದರು. ಮೆಚ್ಚುಗೆಯ ಮಾತನ್ನೇನೂ ಆಡಲಿಲ್ಲ. ಬಾಗಿಲಿನಾಚೆಯ ಎತ್ತುಗಳ ಮೇಲೆ ಬೆರಳಿಟ್ಟು ತರುಣರನ್ನು, “ಎತ್ತು ಅವ, ನೊಗ ಎಲ್ಲದ?” ಎಂದು ಕೇಳಿದರು.

ನೊಗವನ್ನು ತರುಣರು ಬರೆದಿರಲಿಲ್ಲ. ಇಲ್ಲದ ನೊಗವನ್ನು ಕಂಡವರು ಅವರೊಬ್ಬರೇ. ವ್ಯಂಗ್ಯಾರ್ಥವು ಸಹೃದಯನನ್ನು ಮುಟ್ಟಿತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವನ್ನು ನಾನು ಅಪೇಕ್ಷಿಸುವುದಿಲ್ಲ. ಉಳಿದುದನ್ನು ವಿದ್ವಾಂಸರು ವಿಮರ್ಶಿಸಿ ನಿರ್ಣಯಿಸಬೇಕೆಂದು ಪ್ರಾರ್ಥನೆ. ಇತ್ಯಲಂ.